ಕಾಣದ ನೆಲಕ್ಕೆ ಇಳಿಯುವುದು



ವಿಜ್ಞಾನ ಮತ್ತು ತಂತ್ರಜ್ಞಾನದ ಚರಿತ್ರೆಯಿಂದ ಒಂದು ವಿಷಯವನ್ನು ಆಯ್ದು ಕನ್ನಡದಲ್ಲಿ ವಿವರವಾಗಿ ಹೇಳಬೇಕೆಂಬುದು ಈ ದತ್ತಿ ಉಪನ್ಯಾಸದ ಆಶಯ. ಇಂದು ನಾನು ಹೇಳಹೊರಟಿರುವುದು, ಪ್ರಯಾಣಿಕರ ವಿಮಾನಯಾನದ ಮೊದಲ 20 ವರ್ಷಗಳಲ್ಲಿ ಹವೆ ಕೆಟ್ಟಿದ್ದಾಗ ಇಳಿಯಲು ಹೋಗಿ ನಡೆದ ಅಪಘಾತಗಳ ಕತೆ. 1919ರಿಂದ 1939ರವರೆಗೆ, ಎರಡು ಮಹಾಯುದ್ಧಗಳ ನಡುವಿನ ಕಾಲ.

ಆ ಕಾಲದ ಅಪಘಾತಗಳ ದಾಖಲೆ ತೆರೆದರೆ ಕಾರಣದ ಜಾಗದಲ್ಲಿ ಮಂಜು, ಹಿಮ, ಬಿರುಗಾಳಿ, ಮಳೆ ಎಂದು ಒಂದೊಂದು ಪದ ಇರುತ್ತದೆ. ಓದಿದವರು ನಿಟ್ಟುಸಿರು ಬಿಟ್ಟು, ಪ್ರಕೃತಿಯ ಮುಂದೆ ಮನುಷ್ಯ ಏನು ಮಾಡಿಯಾನು ಎಂದು ಪುಟ ತಿರುಗಿಸುತ್ತಾರೆ. ನನಗೆ ಅದು ಒಪ್ಪಿಗೆಯಿಲ್ಲ. ಈ ಅಪಘಾತಗಳನ್ನು ಒಂದೊಂದಾಗಿ ನೋಡುತ್ತ ಹೋದರೆ, ಪೈಲಟ್‌ಗೆ ಆ ಗಳಿಗೆಯಲ್ಲಿ ಬೇಕಾಗಿದ್ದ ಸಂಗತಿ ನೆಲದ ಮೇಲೆ ಯಾರಿಗೋ ಗೊತ್ತಿತ್ತು, ಇಲ್ಲವೇ ಗೊತ್ತಾಗುವ ಉಪಾಯವಿತ್ತು ಎಂಬುದು ಮತ್ತೆ ಮತ್ತೆ ಕಾಣುತ್ತದೆ. ಆ ಸಂಗತಿ ಮೇಲಿದ್ದವನಿಗೆ ತಲುಪಲಿಲ್ಲ, ಅಷ್ಟೇ. ಆಕಾಶದ ಮೇಲೆ ಹೊರಿಸಿದ ಎಷ್ಟೋ ಸಾವುಗಳ ಲೆಕ್ಕ ನೆಲದ ಮೇಲೆ ಚುಕ್ತಾ ಆಗಬೇಕಾಗಿತ್ತು.

ಮೊದಲು ಆ ಕಾಲದ ನೆಲ ಹೇಗಿತ್ತು ಎಂಬುದನ್ನು ಹೇಳಿಬಿಡುತ್ತೇನೆ. 1919ರ ಆಗಸ್ಟ್ 25ರಂದು ಲಂಡನ್ ಮತ್ತು ಪ್ಯಾರಿಸ್ ನಡುವೆ ದಿನವಹಿ ಪ್ರಯಾಣಿಕ ವಿಮಾನ ಶುರುವಾಯಿತು. ಹೆಚ್ಚಿನವು ಯುದ್ಧಕ್ಕೆ ಕಟ್ಟಿ, ಆಮೇಲೆ ಕುರ್ಚಿ ಹಾಕಿಸಿಕೊಂಡ ವಿಮಾನಗಳು. ಏರೋಡ್ರೋಮ್ ಎಂದರೆ ಒಂದು ದೊಡ್ಡ ಹುಲ್ಲುಗಾವಲು. ರನ್‌ವೇ ಇಲ್ಲ. ಗಾಳಿ ಎತ್ತಲಿಂದ ಬೀಸುತ್ತದೋ ಅತ್ತ ಮುಖ ಮಾಡಿ ಇಳಿಯಬೇಕು. ಅದನ್ನು ತೋರಿಸಲು ಕಂಬದ ತುದಿಗೊಂದು ಬಟ್ಟೆಯ ಚೀಲ. ದಾರಿಗೆ ರೈಲು ಹಳಿ, ನದಿ, ಹೆದ್ದಾರಿಗಳೇ ಗುರುತು. ಮೋಡ ಕೆಳಗೆ ಬಂದರೆ ಪೈಲಟ್ ಇನ್ನೂ ಕೆಳಗೆ ಬಂದು, ಮೋಡಕ್ಕೂ ಮರಗಳ ತುದಿಗೂ ನಡುವೆ ಉಳಿದ ಸಂದಿಯಲ್ಲಿ ಹಾರುತ್ತಿದ್ದ. 1922ರ ಏಪ್ರಿಲ್ 7ರಂದು ಫ್ರಾನ್ಸಿನ ಪಿಕಾರ್ಡಿಯಲ್ಲಿ ಮಸುಕು ಹವೆಯಲ್ಲಿ ಹಾಗೆ ಹಾರುತ್ತಿದ್ದ ಎರಡು ಪ್ರಯಾಣಿಕ ವಿಮಾನಗಳು ಎದುರುಬದುರಾಗಿ ಡಿಕ್ಕಿ ಹೊಡೆದು 7 ಜನ ಸತ್ತರು. ಲಂಡನ್‌ನಿಂದ ಬಂದದ್ದೂ ಪ್ಯಾರಿಸ್‌ನಿಂದ ಬಂದದ್ದೂ ಒಂದೇ ದಾರಿ ಹಿಡಿದಿದ್ದವು. ಎದುರಿನಿಂದ ಇನ್ನೊಂದು ಬರುತ್ತಿದೆ ಎಂದು ಇಬ್ಬರಲ್ಲಿ ಯಾರಿಗೂ ತಿಳಿಸುವ ಸಾಧನವಿರಲಿಲ್ಲ. ಎರಡೂ ವಿಮಾನ ಹೊರಟ ಹೊತ್ತು ಮಾತ್ರ ಎರಡೂ ಊರಿನ ಗುಮಾಸ್ತರ ಪುಸ್ತಕದಲ್ಲಿತ್ತು.

ಆ ನಿಧಾನದ ವಿಮಾನಗಳಿಗೆ ಒಂದು ಅನುಕೂಲವಿತ್ತು. ಹವೆ ಕೆಟ್ಟರೆ ಯಾವುದಾದರೂ ರೈತನ ಹೊಲದಲ್ಲಿ ಇಳಿದು, ಮಂಜು ಹರಿದ ಮೇಲೆ ಮತ್ತೆ ಏರಬಹುದಿತ್ತು. 1930ರ ದಶಕಕ್ಕೆ ಬರುವಷ್ಟರಲ್ಲಿ ಅದು ತಪ್ಪಿತು. 1934ರಲ್ಲಿ ಸೇವೆಗೆ ಬಂದ ಡಿಸಿ-2 14 ಪ್ರಯಾಣಿಕರನ್ನು ಹೊತ್ತು ಗಂಟೆಗೆ ಸುಮಾರು 300 ಕಿಲೋಮೀಟರ್ ವೇಗದಲ್ಲಿ, ರಾತ್ರಿ ಹಗಲೆನ್ನದೆ ಹಾರುತ್ತಿತ್ತು. ಅದಕ್ಕೆ ರೈತನ ಹೊಲ ಸಾಲದು. ವಿಮಾನ ಬದಲಾದಷ್ಟು ಬೇಗ ನೆಲ ಬದಲಾಗಲಿಲ್ಲ. ನಾನು ಹೇಳಲಿರುವ ಸಾವುಗಳಲ್ಲಿ ಹೆಚ್ಚಿನವು ಈ ಅಂತರದೊಳಗೆ ಬಿದ್ದವು.

ಟಪಾಲು ಹೊತ್ತ ಪೈಲಟ್‌ಗೆ ಇನ್ನೊಂದು ದಾರಿಯೂ ಇತ್ತು. ಅಟ್ಲಾಂಟಿಕ್ ದಾಟಿ ಹೆಸರಾದ ಚಾರ್ಲ್ಸ್ ಲಿಂಡ್‌ಬರ್ಗ್ ಅದಕ್ಕೆ ಮೊದಲು ಸೇಂಟ್ ಲೂಯಿಸ್-ಶಿಕಾಗೋ ದಾರಿಯಲ್ಲಿ ಟಪಾಲು ಸಾಗಿಸುತ್ತಿದ್ದ. 1926ರ ಸೆಪ್ಟೆಂಬರ್ 16ರ ರಾತ್ರಿ ಮಂಜು ಕವಿದು ನೆಲ ಕಾಣದಾಯಿತು. ಪೆಟ್ರೋಲ್ ಮುಗಿಯುವ ತನಕ ಸುತ್ತಾಡಿ, ಪ್ಯಾರಾಚೂಟ್ ಕಟ್ಟಿಕೊಂಡು ಹಾರಿಬಿಟ್ಟ. ನವೆಂಬರ್ 3ರಂದು ಮತ್ತೊಮ್ಮೆ ಹಾಗೇ ಆಯಿತು. ಎರಡು ಸಲವೂ ವಿಮಾನ ಹೋಯಿತು, ಮನುಷ್ಯ ಉಳಿದ. ಮೊದಲನೆಯ ಸಲದ್ದರಲ್ಲಿ ಗಮನಿಸಬೇಕಾದ ವಿವರವೊಂದಿದೆ. ಆ ವಿಮಾನದ 110 ಗ್ಯಾಲನ್ನಿನ ಟ್ಯಾಂಕನ್ನು ರಿಪೇರಿಗೆಂದು ಬಿಚ್ಚಿ, ಅದರ ಜಾಗದಲ್ಲಿ 85 ಗ್ಯಾಲನ್ನಿನ ಟ್ಯಾಂಕ್ ಕೂರಿಸಿದ್ದರು. ಪೈಲಟ್‌ಗೆ ಹೇಳಿರಲಿಲ್ಲ. ತನ್ನ ಬಳಿ ಇನ್ನೂ ಹೊತ್ತಿದೆ ಎಂದು ಅವನು ನಂಬಿದ್ದ ಗಳಿಗೆಯಲ್ಲಿ ಎಂಜಿನ್ ಸುಮ್ಮನಾಯಿತು. ಷೆಡ್ಡಿನಲ್ಲಿದ್ದವರಿಗೆ ಗೊತ್ತಿದ್ದ ಸಂಗತಿ ಅದು.

ಹಿಂದಿನ ಕುರ್ಚಿಗಳಲ್ಲಿ ಜನರನ್ನು ಕೂರಿಸಿಕೊಂಡವನು ಹೀಗೆ ಪ್ಯಾರಾಚೂಟ್ ಕಟ್ಟಿಕೊಂಡು ಹಾರುವಂತಿಲ್ಲ. ಅವನು ಇಳಿಸಲೇಬೇಕು. ಟಪಾಲಿನ ಚೀಲದ ಜಾಗಕ್ಕೆ ಮನುಷ್ಯರು ಬಂದು ಕೂತ ದಿನವೇ ಇಳಿಯುವ ಪ್ರಶ್ನೆಯ ಸ್ವರೂಪ ಬದಲಾಯಿತು.

ಮೋಡದೊಳಗೆ ಹೊಕ್ಕ ಪೈಲಟ್‌ಗೆ ಏನಾಗುತ್ತದೆ? ದಿಕ್ಕು ತಪ್ಪುತ್ತದೆ ಎಂದು ನಾವು ಸಾಮಾನ್ಯವಾಗಿ ಭಾವಿಸುತ್ತೇವೆ. ಆಗುವುದು ಅದಕ್ಕಿಂತ ಕೆಟ್ಟದ್ದು: ಮೇಲು ಯಾವುದು, ಕೆಳಗು ಯಾವುದು ಎಂಬುದೇ ತಪ್ಪುತ್ತದೆ. ನಮ್ಮ ಒಳಗಿವಿಯ ಅರ್ಧವರ್ತುಲ ನಾಳಗಳಲ್ಲಿರುವ ದ್ರವ ತಿರುವಿನ ಆರಂಭವನ್ನು ಗುರುತಿಸುತ್ತದೆ. ತಿರುವು ಒಂದೇ ಸಮನೆ ಮುಂದುವರಿದರೆ ಸ್ವಲ್ಪ ಹೊತ್ತಿಗೆ ಸುಮ್ಮನಾಗುತ್ತದೆ. ಗಿರಗಿರನೆ ಸುತ್ತಿ ನಿಂತ ಮಗುವಿಗೆ ತಾನು ನಿಂತಿದ್ದರೂ ಅಂಗಳ ತಿರುಗುವಂತೆ ಕಾಣುತ್ತದಲ್ಲ, ಅದೇ ದ್ರವದ ಆಟ. ಕಣ್ಣಿಗೆ ದಿಗಂತ ಕಾಣುವವರೆಗೆ ಕಿವಿಯ ಸುಳ್ಳನ್ನು ಕಣ್ಣು ತಿದ್ದುತ್ತದೆ. ಬಿಳಿ ಮಂಜಿನೊಳಗೆ ತಿದ್ದುವವರಿಲ್ಲ. ವಿಮಾನ ಒಂದು ರೆಕ್ಕೆ ತಗ್ಗಿಸಿ ಸುತ್ತುತ್ತ ಇಳಿಯುತ್ತಿದ್ದರೂ ಪೈಲಟ್‌ಗೆ ನೆಟ್ಟಗೆ ಹೋಗುತ್ತಿದ್ದೇನೆ ಎನಿಸುತ್ತದೆ. ಎಷ್ಟೇ ಅನುಭವಿಯಾದರೂ, ಎಷ್ಟೇ ಧೈರ್ಯಶಾಲಿಯಾದರೂ ಇದರಿಂದ ಬಿಡುಗಡೆಯಿಲ್ಲ. ನುರಿತವನು ಮೈಯ ಅನುಭವದಿಂದಲೇ ವಿಮಾನ ನಡೆಸಬಲ್ಲ ಎಂಬ ಹೆಮ್ಮೆ ಆ ಕಾಲದ ಪೈಲಟ್‌ಗಳಲ್ಲಿ ಗಟ್ಟಿಯಾಗಿತ್ತು. ಆ ಹೆಮ್ಮೆ ಬಹಳ ಜನರನ್ನು ಕೊಂದಿದೆ.

ಅದಕ್ಕೆ ಉತ್ತರ ಹುಡುಕಿದವರು ಅಮೆರಿಕದ ಗುಗೆನ್‌ಹೈಮ್ ನಿಧಿಯವರು. 1929ರ ಸೆಪ್ಟೆಂಬರ್ 24ರಂದು ನ್ಯೂಯಾರ್ಕ್ ಬಳಿಯ ಲಾಂಗ್ ಐಲೆಂಡಿನ ಮಿಚೆಲ್ ಫೀಲ್ಡ್‌ನಲ್ಲಿ ಜೇಮ್ಸ್ ಡೂಲಿಟಲ್ ಎಂಬ ಸೈನ್ಯದ ಪೈಲಟ್ ತನ್ನ ಕುರ್ಚಿಯ ಸುತ್ತ ಬಟ್ಟೆಯ ಮುಸುಕು ಎಳೆದುಕೊಂಡು, ಹೊರಗಿನದೇನೂ ಕಾಣದಂತೆ ಮಾಡಿಕೊಂಡು, ಮೇಲೇರಿ, ಸುತ್ತು ಹಾಕಿ, ಮತ್ತೆ ಅದೇ ಮೈದಾನಕ್ಕೆ ಇಳಿಸಿದ. ಸುಮಾರು 15 ನಿಮಿಷದ ಹಾರಾಟ. ಮುಂದಿನ ಕುರ್ಚಿಯಲ್ಲಿದ್ದ ಬೆನ್ ಕೆಲ್ಸಿ ಎಂಬ ಇನ್ನೊಬ್ಬ ಪೈಲಟ್, ತಾನು ಸಲಕರಣೆ ಮುಟ್ಟುತ್ತಿಲ್ಲ ಎಂದು ನೋಡುವವರಿಗೆ ತಿಳಿಯಲೆಂದು ಕೈ ಎತ್ತಿ ತೋರಿಸುತ್ತಿದ್ದ. ಡೂಲಿಟಲ್‌ನ ಮುಂದೆ ಮೂರು ಹೊಸ ಉಪಕರಣಗಳಿದ್ದವು. ಗೈರೋಸ್ಕೋಪಿನಿಂದ ನಡೆಯುವ ಕೃತಕ ದಿಗಂತ, ದಿಕ್ಕು ತೋರಿಸುವ ಗೈರೋ, ಪಾಲ್ ಕೋಲ್ಸ್‌ಮನ್ ತಯಾರಿಸಿದ ಸೂಕ್ಷ್ಮ ಆಲ್ಟಿಮೀಟರ್. ಇವುಗಳ ಜೊತೆಗೆ ನೆಲದಿಂದ ಬರುವ ರೇಡಿಯೋ ಸಂಕೇತ. ಪತ್ರಿಕೆಗಳು ಉಪಕರಣಗಳನ್ನೂ ಪೈಲಟ್‌ನನ್ನೂ ಹೊಗಳಿದವು. ನನಗೆ ಮುಖ್ಯವೆನಿಸುವುದು ಆ ನಾಲ್ಕನೆಯದು. ಮೊದಲ ಎರಡು ಉಪಕರಣಗಳು ವಿಮಾನ ಹೇಗೆ ಇದೆ ಎಂದು ಹೇಳಬಲ್ಲವು. ನೆಲದ ಮೇಲಿನ ಯಾವ ಜಾಗದ ನೇರಕ್ಕಿದೆ ಎಂದು ಹೇಳಲು ಆ ಜಾಗದಿಂದಲೇ ದನಿ ಬರಬೇಕು.

ಆಲ್ಟಿಮೀಟರಿನ ಬಗ್ಗೆ ಒಂದು ಮಾತು. ಅದು ಎತ್ತರವನ್ನು ನೇರವಾಗಿ ಅಳೆಯುವುದಿಲ್ಲ, ಗಾಳಿಯ ಒತ್ತಡವನ್ನು ಅಳೆದು ಎತ್ತರವೆಂದು ಹೇಳುತ್ತದೆ. ನೆಲದ ಹತ್ತಿರ ಒಂದು ಮಿಲಿಬಾರ್ ಒತ್ತಡವೆಂದರೆ ಸುಮಾರು 28 ಅಡಿ. ಹವೆ ಕೆಡುತ್ತಿದೆ ಎಂದರೆ ಬಹುಮಟ್ಟಿಗೆ ಒತ್ತಡ ಇಳಿಯುತ್ತಿದೆ ಎಂದೇ ಅರ್ಥ. ಹೊರಟ ಊರಿನಲ್ಲಿ ಸರಿಹೊಂದಿಸಿಕೊಂಡ ಆಲ್ಟಿಮೀಟರ್ 10 ಮಿಲಿಬಾರ್ ಕಡಿಮೆ ಇರುವ ಊರಿಗೆ ಬಂದಾಗ, ವಿಮಾನ ಇರುವುದಕ್ಕಿಂತ ಸುಮಾರು 280 ಅಡಿ ಮೇಲಿದೆ ಎಂದು ತೋರಿಸುತ್ತದೆ. ಅತ್ಯಂತ ನಿಖರ ಉಪಕರಣ ಅತ್ಯಂತ ಬೇಡದ ಹೊತ್ತಿನಲ್ಲಿ, ಅತ್ಯಂತ ಅಪಾಯದ ಕಡೆಗೆ ಸುಳ್ಳು ಹೇಳುತ್ತದೆ. ಅದನ್ನು ಸರಿಪಡಿಸಲು ಬೇಕಾದದ್ದು ಒಂದೇ ಅಂಕಿ: ಇಳಿಯುವ ಊರಿನಲ್ಲಿ ಈಗ ಒತ್ತಡ ಎಷ್ಟು? ಅದನ್ನು ಅಲ್ಲಿಯ ಬ್ಯಾರೋಮೀಟರ್ ನೋಡಿ ಯಾರಾದರೂ ಹೇಳಬೇಕು.

ಈಗ ಒಂದೇ ವಿಮಾನದ ಎರಡು ರಾತ್ರಿಗಳನ್ನು ನಿಮ್ಮ ಮುಂದಿಡುತ್ತೇನೆ. ಈ ಉಪನ್ಯಾಸದ ನಡುಮನೆ ಇದೇ ಎಂದು ನಾನು ತಿಳಿದಿದ್ದೇನೆ.

1934ರ ಅಕ್ಟೋಬರ್‌ನಲ್ಲಿ ಇಂಗ್ಲೆಂಡಿನಿಂದ ಆಸ್ಟ್ರೇಲಿಯಾದ ಮೆಲ್ಬರ್ನ್‌ಗೆ ಒಂದು ವಿಮಾನ ಸ್ಪರ್ಧೆ ನಡೆಯಿತು. ನಮ್ಮ ಅಲಹಾಬಾದ್ ಅದರ ಕಡ್ಡಾಯ ನಿಲ್ದಾಣಗಳಲ್ಲಿ ಒಂದು. ವೇಗಕ್ಕೆಂದೇ ಕಟ್ಟಿದ ಸ್ಪರ್ಧೆಯ ವಿಮಾನಗಳ ನಡುವೆ ಡಚ್ ಕಂಪನಿ ಕೆಎಲ್ಎಂ ತನ್ನ ಮಾಮೂಲಿ ಪ್ರಯಾಣಿಕ ವಿಮಾನವೊಂದನ್ನು ಇಳಿಸಿತು. ಹೆಸರು ಊವರ್, ಡಿಸಿ-2. ಒಳಗೆ ಮೂವರು ಪ್ರಯಾಣಿಕರೂ ಟಪಾಲೂ ಇದ್ದವು. ಕೊನೆಯ ಹಂತದಲ್ಲಿ, ಅಕ್ಟೋಬರ್ 24ರ ನಡುರಾತ್ರಿಯ ಹೊತ್ತಿಗೆ, ಗುಡುಗು ಮಳೆಗೆ ಸಿಕ್ಕಿ ದಾರಿ ತಪ್ಪಿತು. ಕೆಳಗೆ ಆಲ್ಬರಿ ಎಂಬ ಸಣ್ಣ ಊರು. ಅಲ್ಲಿ ಏರೋಡ್ರೋಮ್ ಇರಲಿಲ್ಲ. ತಲೆಯ ಮೇಲೆ ಎಂಜಿನ್ ಸದ್ದು ಮತ್ತೆ ಮತ್ತೆ ಸುತ್ತುವುದನ್ನು ಊರಿನವರು ಕೇಳಿದರು. ಊರಿನ ವಿದ್ಯುತ್ ದೀಪಗಳನ್ನೆಲ್ಲ ಒಟ್ಟಿಗೆ ಆರಿಸಿ ಹಚ್ಚಿ, ಮೋರ್ಸ್ ಸಂಕೇತದಲ್ಲಿ ಊರಿನ ಹೆಸರನ್ನು ಆಕಾಶಕ್ಕೆ ಹೇಳಿದರು. ಅಲ್ಲಿಯ ರೇಡಿಯೋ ಕೇಂದ್ರದ ಉದ್ಘೋಷಕರು ಕಾರಿದ್ದವರೆಲ್ಲ ಕುದುರೆ ರೇಸಿನ ಮೈದಾನಕ್ಕೆ ಬನ್ನಿ ಎಂದು ಕರೆ ಕೊಟ್ಟರು. ಜನ ಎದ್ದು ಬಂದು ಕಾರುಗಳನ್ನು ಸಾಲಾಗಿ ನಿಲ್ಲಿಸಿ ಹೆಡ್‌ಲೈಟ್ ಹಾಕಿದರು. ಪೈಲಟ್‌ಗಳಾದ ಪಾರ್ಮೆಂಟಿಯರ್ ಮತ್ತು ಮೋಲ್ ಆ ಬೆಳಕಿನಲ್ಲಿ ವಿಮಾನವನ್ನು ಕೆಸರಿನ ಮೈದಾನಕ್ಕೆ ಇಳಿಸಿದರು. ಯಾರಿಗೂ ಪೆಟ್ಟಾಗಲಿಲ್ಲ. ಬೆಳಗ್ಗೆ ಊರಿನವರೇ ಹಗ್ಗ ಕಟ್ಟಿ ಕೆಸರಿನಿಂದ ಎಳೆದುಕೊಟ್ಟರು. ಊವರ್ ಸ್ಪರ್ಧೆಯಲ್ಲಿ ಎರಡನೆಯದಾಗಿ ಮುಟ್ಟಿತು, ಹ್ಯಾಂಡಿಕ್ಯಾಪ್ ವಿಭಾಗದಲ್ಲಿ ಗೆದ್ದಿತು.

ಇದಾಗಿ ಎರಡು ತಿಂಗಳೂ ತುಂಬಿರಲಿಲ್ಲ. ಡಿಸೆಂಬರ್ 20ರಂದು ಅದೇ ಊವರ್ ಕ್ರಿಸ್‌ಮಸ್ ಟಪಾಲು ಹೊತ್ತು ಬಟಾವಿಯಾದ ದಾರಿಯಲ್ಲಿ ಇರಾಕಿನ ಮರುಭೂಮಿ ದಾಟುತ್ತಿತ್ತು. ಅಲ್ಲಿ ಹಗಲು ಹಾರುವವರಿಗೆಂದು 1920ರ ದಶಕದಲ್ಲೇ ಬ್ರಿಟಿಷ್ ವಾಯುಪಡೆಯವರು ಮರಳುಗಾಡಿನಲ್ಲಿ ನೇಗಿಲ ಸಾಲು ಎಳೆಸಿದ್ದರು. ಆ ಗೆರೆ ನೋಡಿಕೊಂಡು ಬಾಗ್ದಾದ್ ಸೇರಬಹುದಿತ್ತು. ಬಿರುಮಳೆಯ ಕತ್ತಲಲ್ಲಿ ಅದರಿಂದ ಏನು ಪ್ರಯೋಜನ? ರುತ್ಬಾ ಎಂಬ ಮರುಭೂಮಿಯ ಠಾಣೆಯ ಬಳಿ ವಿಮಾನ ನೆಲಕ್ಕೆ ಬಡಿದು ಸುಟ್ಟುಹೋಯಿತು. ಒಳಗಿದ್ದ ಏಳೂ ಜನ ಸತ್ತರು.

ವಿಮಾನ ಅದೇ. ಎರಡು ರಾತ್ರಿಯೂ ಬಿರುಮಳೆಯೇ. ಒಂದು ಕಡೆ ಕೆಳಗೆ ಒಂದು ಊರಿತ್ತು, ಆ ಊರಿನಲ್ಲಿ ಎದ್ದು ಬರುವ ಜನರಿದ್ದರು. ಇನ್ನೊಂದು ಕಡೆ ಯಾರೂ ಇರಲಿಲ್ಲ. ಆಲ್ಬರಿಯ ಜನರ ಬಗ್ಗೆ ನನಗೆ ಅಪಾರ ಗೌರವವಿದೆ. ಆದರೆ ಊರಿನವರ ಒಳ್ಳೆಯತನವನ್ನು ನಂಬಿಕೊಂಡು ವಿಮಾನ ಕಂಪನಿ ನಡೆಯುವಂತಿಲ್ಲ. ಆ ರಾತ್ರಿ ಅವರು ತಾವಾಗಿ ಮಾಡಿದ್ದನ್ನು ಪ್ರತಿ ರಾತ್ರಿ, ಸಂಬಳ ಕೊಟ್ಟು, ಯಂತ್ರ ಇಟ್ಟು ಮಾಡಿಸಬೇಕಾಗಿತ್ತು.

ಅದಕ್ಕೆ ಪ್ರಯತ್ನಗಳು ನಡೆದಿದ್ದವು. ಅಮೆರಿಕದಲ್ಲಿ ರೇಡಿಯೋ ರೇಂಜ್ ಎಂಬ ವ್ಯವಸ್ಥೆ ಬಂತು. ದಾರಿಯ ಒಂದು ಮಗ್ಗುಲಿಗೆ ಹೋದರೆ ಪೈಲಟ್‌ನ ಕಿವಿಗೆ ಮೋರ್ಸ್‌ನ ‘ಎ’, ಇನ್ನೊಂದು ಮಗ್ಗುಲಿಗೆ ‘ಎನ್’. ನಡುವೆ ಇದ್ದರೆ ಎರಡೂ ಬೆರೆತು ಒಂದೇ ಎಳೆಯ ದನಿ. ಕೇಂದ್ರದ ನೆತ್ತಿಗೆ ಬಂದಾಗ ಮೌನ. ಒಳ್ಳೆಯ ಉಪಾಯವೇ. ಆದರೆ ಹಿಮ ಬೀಳುವಾಗ, ಗುಡುಗುವಾಗ ಕಿವಿಯ ತುಂಬ ಚರಚರ ಸದ್ದು ತುಂಬಿ, ಸಂಕೇತ ಹೆಚ್ಚು ಬೇಕಾದ ಹೊತ್ತಿನಲ್ಲೇ ಕೇಳಿಸುತ್ತಿರಲಿಲ್ಲ. ಯೂರೋಪಿನಲ್ಲಿ ‘ಜೆಡ್-ಜೆಡ್’ ಎಂಬ ಇನ್ನೊಂದು ಪದ್ಧತಿ ಇತ್ತು. ವಿಮಾನದ ರೇಡಿಯೋ ಸಂಕೇತ ಯಾವ ದಿಕ್ಕಿನಿಂದ ಬರುತ್ತದೆ ಎಂದು ನೆಲದವನು ಅಳೆದು ತಿಳಿಸುತ್ತ ಹೋಗುತ್ತಾನೆ. ಕೊನೆಗೆ ಮಂಜಿನೊಳಗೆ ಎಂಜಿನ್ ಸದ್ದನ್ನು ಕಿವಿಗೊಟ್ಟು ಕೇಳಿ, ಸರಿಯಾದ ಕಡೆಯಿಂದ ಬರುತ್ತಿದೆ ಎನಿಸಿದರೆ ‘ಜೆಡ್-ಜೆಡ್’ ಎಂದು ಕಳಿಸುತ್ತಾನೆ, ಅಂದರೆ ಇಳಿ. ಇಲ್ಲವಾದರೆ ‘ಜೆ-ಜೆ’, ಮತ್ತೆ ಮೇಲೇರು. ಒಬ್ಬನ ಕಿವಿಯ ಮೇಲೆ ಹತ್ತಾರು ಜನರ ಜೀವ. ಜರ್ಮನಿಯ ಲೊರೆಂಟ್ಸ್ ಕಂಪನಿ 1930ರ ದಶಕದ ಮೊದಲ ಭಾಗದಲ್ಲಿ ರೂಪಿಸಿದ ಕಿರಣ ವ್ಯವಸ್ಥೆ ಇದಕ್ಕಿಂತ ಬಹಳ ಮೇಲು. ಅದು ಇಳಿಯುವ ಗೆರೆಯನ್ನೇ ರೇಡಿಯೋದಲ್ಲಿ ಎಳೆದು ಕೊಡುತ್ತಿತ್ತು.

ಇಷ್ಟೆಲ್ಲ ಇದ್ದ ಮೇಲೂ 1935ರ ಮೇ 6ರಂದು ಅಮೆರಿಕದ ಮಿಸೌರಿಯಲ್ಲಿ ನಡೆದದ್ದು ನಮಗೆ ಬಹಳ ಕಲಿಸುತ್ತದೆ. ಟಿಡಬ್ಲ್ಯೂಎ ಕಂಪನಿಯ ‘ಸ್ಕೈ ಚೀಫ್’ ಲಾಸ್ ಏಂಜಲೀಸ್‌ನಿಂದ ಪೂರ್ವ ತೀರಕ್ಕೆ ರಾತ್ರಿಯಿಡೀ ಹಾರುವ ವಿಮಾನ. ಅದರಲ್ಲಿದ್ದ ಪ್ರಯಾಣಿಕರಲ್ಲಿ ನ್ಯೂ ಮೆಕ್ಸಿಕೋದ ಸೆನೆಟರ್ ಬ್ರಾನ್ಸನ್ ಕಟಿಂಗ್ ಒಬ್ಬರು. ಆಲ್ಬುಕರ್ಕಿಯಿಂದ ಹೊರಟ ಮೇಲೆ, ರಾತ್ರಿ ಬಳಸುವ ತರಂಗಾಂತರದಲ್ಲಿ ತಮ್ಮ ರೇಡಿಯೋ ಸರಿಯಾಗಿ ಕೆಲಸ ಮಾಡುತ್ತಿಲ್ಲ ಎಂಬುದು ಪೈಲಟ್‌ಗಳಿಗೆ ತಿಳಿಯಿತು. ಪ್ರಯಾಣ ನಿಲ್ಲಲಿಲ್ಲ. ಕ್ಯಾನ್ಸಸ್ ಸಿಟಿಯಲ್ಲಿ ಹವೆ ಚೆನ್ನಾಗಿರುತ್ತದೆ ಎಂಬ ಮುನ್ಸೂಚನೆ ಇತ್ತು. ಅವರು ಬರುವಷ್ಟರಲ್ಲಿ ಮೋಡದ ತಳ ಕೆಲವು ನೂರು ಅಡಿಗೆ ಕುಸಿದಿತ್ತು. ಅಲ್ಲಿ ಇಳಿಯುವಂತಿಲ್ಲವೆಂದು ಈಶಾನ್ಯಕ್ಕಿದ್ದ ಕರ್ಕ್ಸ್‌ವಿಲ್ ತುರ್ತು ಮೈದಾನದ ಕಡೆ ತಿರುಗಿದರು. ಪೆಟ್ರೋಲ್ ಕಡಿಮೆಯಾಗುತ್ತಿತ್ತು. ಆ ಕಡೆಯೂ ಮಂಜು. ನೆಲ ಕಾಣಲೆಂದು ಕೆಳಗೆ ಕೆಳಗೆ ಬಂದು, ಅಟ್ಲಾಂಟಾ ಎಂಬ ಹಳ್ಳಿಯ ಬಳಿ ಹೊಲವೊಂದಕ್ಕೆ ಬಡಿದರು. 13 ಜನರಲ್ಲಿ 5 ಜನ ಸತ್ತರು. ಇಬ್ಬರು ಪೈಲಟ್‌ಗಳೂ ಸೆನೆಟರ್ ಕಟಿಂಗ್ ಅವರೂ ಆ ಐವರಲ್ಲಿ ಸೇರಿದ್ದರು.

ಕಾರಣ ಯಾವುದು ಎಂದು ಕೇಳಿದರೆ ಮಂಜು ಎನ್ನಲು ನನಗೆ ನಾಲಗೆ ಬರುವುದಿಲ್ಲ. ಕೆಟ್ಟ ರೇಡಿಯೋ, ತಪ್ಪಿದ ಮುನ್ಸೂಚನೆ, ಸಾಲದ ಪೆಟ್ರೋಲ್, ಬದಲಿ ನಿಲ್ದಾಣದ ಹವೆಯೂ ಕೆಟ್ಟಿದ್ದದ್ದು, ಇವೆಲ್ಲ ಒಂದಕ್ಕೊಂದು ಜೋಡಿಸಿಕೊಂಡವು. ಇವುಗಳಲ್ಲಿ ಯಾವುದಾದರೂ ಒಂದು ಸರಿಯಿದ್ದಿದ್ದರೆ ಆ ಐವರು ಬೆಳಗಿನ ಕಾಫಿ ಕುಡಿಯುತ್ತಿದ್ದರು.

ಆಮೇಲೆ ನಡೆದದ್ದು ಇನ್ನೂ ಮುಖ್ಯ. ತನಿಖೆ ಮಾಡಿದ್ದು ಸರ್ಕಾರದ ವಾಯು ವಾಣಿಜ್ಯ ವಿಭಾಗ. ದಾರಿಯ ದೀಪಗಳನ್ನೂ ರೇಡಿಯೋ ಕೇಂದ್ರಗಳನ್ನೂ ನಡೆಸುತ್ತಿದ್ದದ್ದೂ ಅದೇ ವಿಭಾಗ. ಅದು ಕಂಪನಿಯತ್ತ ಬೆರಳು ತೋರಿಸಿತು, ಕಂಪನಿ ಸರ್ಕಾರದ ರೇಡಿಯೋ ಮತ್ತು ಹವಾಮಾನ ಸೇವೆಯತ್ತ ತೋರಿಸಿತು. ಸತ್ತವರಲ್ಲಿ ಸೆನೆಟರ್ ಒಬ್ಬರಿದ್ದ ಕಾರಣ ಸೆನೆಟ್ ತನ್ನ ಸದಸ್ಯ ಕೋಪ್‌ಲ್ಯಾಂಡ್ ಅವರ ಅಧ್ಯಕ್ಷತೆಯಲ್ಲಿ ತನ್ನದೇ ಸಮಿತಿ ನೇಮಿಸಿತು. ಆರೋಪಿಯೇ ನ್ಯಾಯಾಧೀಶನಾಗಬಾರದು ಎಂಬ ಸರಳ ಸಂಗತಿ ಆಗ ಎಲ್ಲರಿಗೂ ಕಂಡಿತು. 1938ರ ಜೂನ್‌ನಲ್ಲಿ ಬಂದ ಹೊಸ ನಾಗರಿಕ ವಿಮಾನಯಾನ ಕಾಯ್ದೆಯಲ್ಲಿ ಅಪಘಾತಗಳ ತನಿಖೆಗೆಂದೇ ಮೂವರು ಸದಸ್ಯರ ಪ್ರತ್ಯೇಕ ಮಂಡಳಿ ಸೇರಿತು. ಎರಡೇ ವರ್ಷದಲ್ಲಿ ಆ ಮಂಡಳಿಯನ್ನು ತೆಗೆದರು ಎಂಬುದೂ ನಿಜ. ನಮ್ಮ ದೇಶದಲ್ಲಿ ವಿಮಾನ ಅಪಘಾತಗಳ ತನಿಖೆಗೆ, ವಿಮಾನಯಾನ ನಿರ್ದೇಶನಾಲಯದಿಂದ ಬೇರೆಯಾದ ಸಂಸ್ಥೆ ಹುಟ್ಟಿದ್ದು 2012ರಲ್ಲಿ. ಸೆನೆಟರ್ ಸಾಯದಿದ್ದರೆ ಅಮೆರಿಕದಲ್ಲೂ ಇಷ್ಟು ಗದ್ದಲವಾಗುತ್ತಿತ್ತೇ ಎಂದು ನಾನು ಕೇಳಿಕೊಂಡಿದ್ದೇನೆ. ಉಳಿದ ನಾಲ್ವರ ಜೀವವೂ ಅಷ್ಟೇ ಬೆಲೆಯದು.

ಬೆಲ್ಜಿಯಂನ ಓಸ್ಟೆಂಡ್‌ನಲ್ಲಿ 1937ರ ನವೆಂಬರ್ 16ರಂದು ಆದ ಅಪಘಾತವನ್ನು ಸಂಕ್ಷೇಪವಾಗಿ ಹೇಳುತ್ತೇನೆ, ಅದನ್ನು ಹೇಳುವುದೂ ಕಷ್ಟ. ಸಬೇನಾ ಕಂಪನಿಯ ಯೂಂಕರ್ಸ್ 52 ವಿಮಾನ ಜರ್ಮನಿಯಿಂದ ಲಂಡನ್‌ಗೆ ಹೊರಟಿತ್ತು. ಹೆಸ್ಸೆಯ ರಾಜಮನೆತನದ ಗ್ರ್ಯಾಂಡ್ ಡ್ಯೂಕ್, ಅವರ ಹೆಂಡತಿ, ತಾಯಿ, ಇಬ್ಬರು ಚಿಕ್ಕ ಗಂಡುಮಕ್ಕಳು ಮನೆಯ ಮದುವೆಗೆ ಹೋಗುತ್ತಿದ್ದರು. ಬ್ರಸೆಲ್ಸ್‌ನಲ್ಲಿ ಹವೆ ಕೆಟ್ಟಿತ್ತೆಂದು ಓಸ್ಟೆಂಡ್ ಕಡೆ ತಿರುಗಿತು. ಅಲ್ಲೂ ಮಂಜು. ಇಳಿಯಲು ಬರುವಾಗ ಏರೋಡ್ರೋಮಿನ ಹತ್ತಿರದ ಕಾರ್ಖಾನೆಯ ಚಿಮಣಿಗೆ ರೆಕ್ಕೆ ತಾಗಿತು. 11 ಜನರೂ ಸತ್ತರು. ಮದುವೆಯನ್ನು ಮುಂದೂಡಲಿಲ್ಲ, ಮರುದಿನವೇ, ಎಲ್ಲರೂ ಸೂತಕದ ಕಪ್ಪು ಬಟ್ಟೆಯಲ್ಲಿ ನಿಂತು ಮುಗಿಸಿದರು. ಆ ಚಿಮಣಿ ಎಲ್ಲಿದೆ, ಎಷ್ಟು ಎತ್ತರವಿದೆ ಎಂಬುದು ಓಸ್ಟೆಂಡಿನ ಶಾಲೆಯ ಮಕ್ಕಳಿಗೂ ಗೊತ್ತಿದ್ದಿರಬೇಕು. ಇಳಿಯುವ ದಾರಿಯಲ್ಲಿ ಇಷ್ಟು ದೂರಕ್ಕೆ ಇಷ್ಟಕ್ಕಿಂತ ಎತ್ತರದ್ದೇನೂ ಇರಕೂಡದು ಎಂದು ಇವತ್ತು ಬೆಂಗಳೂರಿನ ಹಳೆಯ ವಿಮಾನ ನಿಲ್ದಾಣದ ಸುತ್ತ ಮನೆ ಕಟ್ಟುವವರೂ ಅನುಮತಿ ಕೇಳಬೇಕಾಗುತ್ತದೆ. ಕಿರಿಕಿರಿ ಎನಿಸಿದಾಗ ಆ ಚಿಮಣಿಯನ್ನು ನೆನೆಯಬೇಕು.

ಭಾರತಕ್ಕೆ ಬರುವ ದಾರಿಯಲ್ಲೂ ಇದೇ ಕತೆ. ಇಂಪೀರಿಯಲ್ ಏರ್‌ವೇಸ್ ಕಂಪನಿ 1929ರ ಮಾರ್ಚ್ 30ರಂದು ಲಂಡನ್-ಕರಾಚಿ ಸೇವೆ ತೆರೆಯಿತು. ಅದೇ ವರ್ಷ ಸೆಪ್ಟೆಂಬರ್ 6ರ ರಾತ್ರಿ ಪರ್ಷಿಯಾದ ಜಾಸ್ಕ್‌ನಲ್ಲಿ ‘ಸಿಟಿ ಆಫ್ ಜೆರುಸಲೆಂ’ ಎಂಬ ಅದರ ವಿಮಾನ ಕತ್ತಲಲ್ಲಿ ಇಳಿಯುವಾಗ ಬಿದ್ದು ಮೂವರು ಸತ್ತರು. ಅಕ್ಟೋಬರ್ 26ರಂದು ಭಾರತದ ಟಪಾಲು ಹೊತ್ತು ಹೋಗುತ್ತಿದ್ದ ‘ಸಿಟಿ ಆಫ್ ರೋಮ್’ ಎಂಬ ತೇಲುವ ವಿಮಾನ ಇಟಲಿಯ ಸ್ಪೆಜಿಯಾ ತೀರದ ಬಳಿ ಬಿರುಗಾಳಿಯಲ್ಲಿ ಸಮುದ್ರಕ್ಕಿಳಿಯಬೇಕಾಯಿತು. ಇಳಿದದ್ದು ಸರಿಯಾಗಿಯೇ. ದಡಕ್ಕೆ ಎಳೆದು ತರುವ ಪ್ರಯತ್ನ ನಡೆದಿದ್ದಾಗ ಆ ರಾತ್ರಿ ಮುಳುಗಿ ಏಳು ಜನರೂ ಹೋದರು. ಸಮುದ್ರವೇ ರನ್‌ವೇ ಆದವರಿಗೆ ಹವೆ ಕೆಟ್ಟರೆ ರನ್‌ವೇಯೇ ಎದ್ದು ಹೊಡೆಯುತ್ತದೆ. ನದಿಯೂ ಅಷ್ಟೇ: 1939ರ ಜೂನ್ 12ರಂದು ‘ಸೆಂಚೂರಿಯನ್’ ಎಂಬ ತೇಲುವ ವಿಮಾನ ಕಲ್ಕತ್ತೆಯ ಹೂಗ್ಲಿಗೆ ಇಳಿಯುವಾಗ ಗಾಳಿಯ ಹೊಡೆತಕ್ಕೆ ಸಿಕ್ಕಿ ಮುಳುಗಿತು, ಅದೃಷ್ಟಕ್ಕೆ ಜೀವಹಾನಿಯಾಗಲಿಲ್ಲ.

ಇಲ್ಲಿ ಒಂದು ಒಳ್ಳೆಯ ಉದಾಹರಣೆಯನ್ನೂ ಹೇಳಬೇಕು, ಅದರಲ್ಲಿ ನಮ್ಮ ಬಳ್ಳಾರಿಯೂ ಇದೆ. 1932ರ ಅಕ್ಟೋಬರ್ 15ರಂದು ಜೆ.ಆರ್.ಡಿ. ಟಾಟಾ ಕರಾಚಿಯಿಂದ ಅಹಮದಾಬಾದ್ ಮೂಲಕ ಬೊಂಬಾಯಿಯ ಜುಹೂಗೆ ಟಪಾಲು ತಂದರು. ಅಲ್ಲಿಂದ ನೆವಿಲ್ ವಿನ್ಸೆಂಟ್ ಬಳ್ಳಾರಿಯ ಮೇಲೆ ಮದ್ರಾಸಿಗೆ ಒಯ್ದರು. ಸಣ್ಣ ಪುಸ್ ಮಾತ್ ವಿಮಾನ. ಅಹಮದಾಬಾದಿನಲ್ಲಿ ಪೆಟ್ರೋಲ್ ಡಬ್ಬಗಳು ಎತ್ತಿನ ಗಾಡಿಯಲ್ಲಿ ಬಂದವು. ಜುಹೂ ಎಂದರೆ ಸಮುದ್ರದ ಮಗ್ಗುಲ ಕೆಸರು ಬಯಲು. ಮಳೆಗಾಲದಲ್ಲಿ ನೀರು ನಿಲ್ಲುತ್ತಿತ್ತು. ಅವರೇನು ಮಾಡಿದರು? ಮಳೆಗಾಲ ಬಂದಾಗ ಠಾಣೆಯನ್ನೇ ಪುಣೆಗೆ ಸಾಗಿಸಿದರು. ಪಶ್ಚಿಮ ಘಟ್ಟದ ಮಳೆಯಲ್ಲಿ ರೇಡಿಯೋ ಇಲ್ಲದೆ ಹಾರಿದರೂ ಮೊದಲ ವರ್ಷ ಹೊತ್ತಿಗೆ ಸರಿಯಾಗಿ ಟಪಾಲು ಮುಟ್ಟಿಸಿದ್ದಕ್ಕೆ ಸರ್ಕಾರದ ಮೆಚ್ಚುಗೆ ಸಿಕ್ಕಿತು. ನೀರು ನಿಂತ ಬಯಲಿಗೆ ಇಳಿದು ತೋರಿಸುತ್ತೇವೆ ಎಂಬ ಹಟ ಅವರಿಗಿರಲಿಲ್ಲ. ಇಲ್ಲಿ ಇಳಿಯಕೂಡದು ಎಂದು ಮೊದಲೇ ತೀರ್ಮಾನಿಸುವುದು ವಿಮಾನಯಾನದ ದೊಡ್ಡ ವಿದ್ಯೆ ಎಂದು ನಾನು ನಂಬಿದ್ದೇನೆ.

ಆ ವಿದ್ಯೆ ನಿಯಮವಾಗಿ ಬೆಳೆಯಿತು. ಮೋಡದ ತಳ ಇಷ್ಟು ಎತ್ತರಕ್ಕಿಂತ, ನೋಟದ ದೂರ ಇಷ್ಟಕ್ಕಿಂತ ಕಡಿಮೆಯಾದರೆ ಇಳಿಯುವಂತಿಲ್ಲ. ಬದಲಿ ನಿಲ್ದಾಣಕ್ಕೆ ಹೋಗುವಷ್ಟು, ಹೋಗಿ ಕಾಯುವಷ್ಟು ಪೆಟ್ರೋಲ್ ಇರಲೇಬೇಕು. ನಿಗದಿಯಾದ ಎತ್ತರಕ್ಕೆ ಬಂದಾಗ ರನ್‌ವೇ ಕಾಣದಿದ್ದರೆ ಮತ್ತೆ ಮೇಲೇರಬೇಕು. ನೆಲದ ಕಡೆಯಿಂದ ಯಂತ್ರವೂ ಬಂತು: 1938ರ ಜನವರಿ 26ರಂದು ವಾಷಿಂಗ್ಟನ್‌ನಿಂದ ಬಂದ ಬೋಯಿಂಗ್ 247 ಪ್ರಯಾಣಿಕ ವಿಮಾನ ಪಿಟ್ಸ್‌ಬರ್ಗ್‌ನಲ್ಲಿ ಹಿಮ ಸುರಿಯುತ್ತಿದ್ದಾಗ ರೇಡಿಯೋ ಕಿರಣಗಳ ಮಾರ್ಗದರ್ಶನದಿಂದಲೇ ಇಳಿಯಿತು. ಇಂದು ಐಎಲ್ಎಸ್ ಎಂದು ಕರೆಯುವ ವ್ಯವಸ್ಥೆಯಿಂದ ಪ್ರಯಾಣಿಕ ವಿಮಾನ ಇಳಿದದ್ದು ಅದೇ ಮೊದಲು. ಅಡ್ಡಕ್ಕೊಂದು, ಎತ್ತರಕ್ಕೊಂದು, ಎರಡು ಕಿರಣಗಳು ನೆಲದಿಂದ ಹೊರಟು ಪೈಲಟ್‌ಗೆ ಇಳಿಜಾರಿನ ದಾರಿಯನ್ನು ತೋರಿಸುತ್ತವೆ. ದೇವನಹಳ್ಳಿಯಲ್ಲಿ ಡಿಸೆಂಬರ್ ಮುಂಜಾವಿನ ಮಂಜಿನಲ್ಲಿ ನೀವು ಇಳಿದಿದ್ದರೆ ಅದರ ಮುಂದಿನ ಪೀಳಿಗೆಯ ಯಂತ್ರದ ಋಣದಲ್ಲಿದ್ದೀರಿ.

ಹಾಗೆಂದು ಇದು ಮುಗಿದ ಕತೆಯಲ್ಲ. 2020ರ ಆಗಸ್ಟ್ 7ರಂದು ಕೋಳಿಕ್ಕೋಡಿನ ಬೆಟ್ಟದ ಮೇಲಿನ ನಿಲ್ದಾಣದಲ್ಲಿ ಭಾರಿ ಮಳೆಯಲ್ಲಿ, ಹಿಂಗಾಳಿಯಲ್ಲಿ ಇಳಿದ ವಿಮಾನ ರನ್‌ವೇ ಮೀರಿ ಕೆಳಗೆ ಬಿತ್ತು. 21 ಜನ ಸತ್ತರು. ಚಕ್ರ ನೆಲ ಮುಟ್ಟಬೇಕಾದ ಜಾಗ ದಾಟಿದ ಮೇಲೂ ಮೇಲೇರದೆ ಇಳಿಸಿದ್ದನ್ನು ತನಿಖಾ ವರದಿ ಎತ್ತಿ ಹೇಳಿತು. ಯಂತ್ರಗಳಿದ್ದವು, ನಿಯಮವಿತ್ತು. ಇಂದು ಇಳಿಯಲಾಗದು ಎಂಬ ಮಾತು ಆ ಕೊನೆಯ ಕ್ಷಣಗಳಲ್ಲಿ ಆಚರಣೆಗೆ ಬರಲಿಲ್ಲ.

ನಮ್ಮ ರಾಜ್ಯದಲ್ಲಿ ಕಲಬುರಗಿ, ಬೀದರ್, ಶಿವಮೊಗ್ಗಗಳಿಗೆ ವಿಮಾನ ಬಂದಿದೆ, ಇನ್ನೂ ಊರುಗಳು ಕೇಳುತ್ತಿವೆ. ಕೇಳುವುದು ನ್ಯಾಯ. ಆದರೆ ನಿಲ್ದಾಣದ ಕಟ್ಟಡ ಯಾವ ಹೂವಿನ ಆಕಾರದಲ್ಲಿರಬೇಕು, ಯಾರ ಹೆಸರಿಡಬೇಕು ಎಂಬ ಚರ್ಚೆಗೆ ನಾವು ಕೊಡುವ ಹೊತ್ತಿನಲ್ಲಿ ಹತ್ತನೆಯ ಒಂದು ಪಾಲನ್ನು ಬೇರೆ ಪ್ರಶ್ನೆಗಳಿಗೆ ಕೊಡಿ. ಅಲ್ಲಿ ಐಎಲ್ಎಸ್ ಇದೆಯೇ? ರನ್‌ವೇಗೆ ಕರೆತರುವ ದೀಪಗಳ ಸಾಲು ಇದೆಯೇ? ಮೋಡದ ಎತ್ತರ, ನೋಟದ ದೂರ, ಗಾಳಿ, ಒತ್ತಡ ಇವನ್ನು ಅಳೆದು ಹೇಳುವ ಹವಾಮಾನ ಸಿಬ್ಬಂದಿ ಇಡೀ ಹೊತ್ತು ಇದ್ದಾರೆಯೇ? ನಿಮ್ಮ ಶಾಸಕರನ್ನು, ಸಂಸದರನ್ನು ಇದನ್ನು ಕೇಳಿ, ಪತ್ರಿಕೆಗಳಿಗೆ ಬರೆಯಿರಿ. ಮಲೆನಾಡಿನ ಮಳೆಯಲ್ಲಿ ನೀವು ಹತ್ತಿದ ವಿಮಾನ ಇಳಿಯದೆ ಬೆಂಗಳೂರಿಗೆ ಹಿಂತಿರುಗಿದರೆ ಪೈಲಟ್‌ನ ಮೇಲೆ ಕೂಗಾಡಬೇಡಿ. ಇಳಿದು ಬಾಗಿಲು ದಾಟುವಾಗ ಆತನಿಗೆ ಒಂದು ನಮಸ್ಕಾರ ಹೇಳಿ ಹೋಗಿ.